ತಾತ ಹೇಳಿದ ಮೀನು

ಆಸ್ಟ್ರೇಲಿಯಾದ ನಮ್ಮ ಮನೆ ಹಿತ್ತಲಿನ ಪುಟ್ಟ ಕೊಳಕ್ಕೆ ಮೀನು ಬಿಡಬೇಕು ಅಂದಿದ್ದಕ್ಕೆ ಅರಸೀಕೆರೆಯಿಂದ ಅಪ್ಪ ಫೋನಿನಲ್ಲೇ ಉಪಾಯ ಹೇಳಿದರು. "ಸುಮ್ನೆ ದುಡ್ಡು ಯಾಕೆ ದಂಡ ಮಾಡ್ತೀಯ? ಆಸ್ಪತ್ರೆಯೋರನ್ನ ಕೇಳು, ಸೊಳ್ಳೆ ತಿನ್ನೋ ಮೀನು ಪುಕ್ಕಟೆ ಕೊಡ್ತಾರೆ." ಮಗಳು ಫೋನ್ ಕಸಿದುಕೊಂಡಳು. "ತಾತ, ಆ ಮೀನು ಇಲ್ಲಿ ಸಾಕಿದ್ರೆ ಫೈನ್ ಹಾಕ್ತಾರೆ!" ಅಪ್ಪ ಜೋರಾಗಿ ನಕ್ಕರು. "ಇಲ್ಲಿ ಸರ್ಕಾರದೋರೇ ತಂದು ಬಾವಿಗೆ ಬಿಟ್ಟಿದ್ದು ಕಣಮ್ಮ."

ಇಬ್ಬರದ್ದೂ ನಿಜ. ನಾವಿರುವ ಮೆಲ್ಬರ್ನ್ ಸೇರಿದ ವಿಕ್ಟೋರಿಯಾ ರಾಜ್ಯದಲ್ಲಿ ಗ್ಯಾಂಬೂಸಿಯಾ, ಅಂದರೆ ಅಪ್ಪ ಹೇಳಿದ ಸೊಳ್ಳೆ ಮೀನು, ಸಾಕುವಂತಿಲ್ಲ. ಮಗಳು ಆಸೆಪಟ್ಟ ಬಣ್ಣದ ಕೋಯಿ ಮೀನೂ ಇಲ್ಲಿ ನಿಷೇಧವಿರುವ ಕಾರ್ಪ್ ಜಾತಿಯದೇ ಆದ್ದರಿಂದ ಅದನ್ನೂ ಸಾಕುವಂತಿಲ್ಲ. ಪಕ್ಕದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಾದರೆ ಕೋಯಿ ಸಾಕಬಹುದಂತೆ, ಅವಳ ಸಿಟ್ಟು ಇನ್ನೂ ಜಾಸ್ತಿ ಆಗಿದ್ದು ಅದಕ್ಕೆ. ಗಪ್ಪಿ ಮೀನು ತಂದು ಬಿಟ್ಟರೆ ಇಲ್ಲಿನ ಜುಲೈ ಚಳಿಗಾಲಕ್ಕೆ ಅದು ಉಳಿಯುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ದಿನ ಆಳವಿಲ್ಲದ ನೀರು ಕಾದು ಅದರಲ್ಲಿ ಆಮ್ಲಜನಕವೇ ಕಡಿಮೆಯಾಗುತ್ತದೆ. ಎರಡಕ್ಕೂ ಜಗ್ಗದ ಗೋಲ್ಡ್‌ಫಿಶ್ ತರೋಣ ಅಂತಿದ್ದೆ.

ಆಗ ಬೇಲಿಯಾಚೆಯ ಹಿರಿಯರು ಕೇಳಿದರು: "ಜೋರು ಮಳೆ ಬಂದರೆ ನಿಮ್ಮ ಕೊಳದ ನೀರು ಎಲ್ಲಿಗೆ ಹೋಗುತ್ತೆ?" ಚರಂಡಿಗೆ. ಚರಂಡಿಯಿಂದ ಹಳ್ಳಕ್ಕೆ. "ಹಾಗಾದ್ರೆ ಹಳ್ಳವನ್ನೂ ನೋಡಿಕೊಂಡು ಮೀನು ಆರಿಸಿ" ಅಂದರು. ಅವರೇ ಸೂಚಿಸಿದ್ದು ಸದರ್ನ್ ಪಿಗ್ಮಿ ಪರ್ಚ್. ಬೆರಳುದ್ದದ ಮೀನು, ಈ ಸೀಮೆಯದ್ದೇ. ಚಳಿಗೆ ಹೆದರುವುದಿಲ್ಲ, ಸೊಳ್ಳೆ ಮರಿ ತಿನ್ನುತ್ತದೆ. ಅಡಗಿಕೊಳ್ಳಲು ನೀರಿನಲ್ಲಿ ಗಿಡ ಬೆಳೆದಿದ್ದರೆ ಆಯಿತು.

ಆ ಪ್ರಶ್ನೆ ನನ್ನನ್ನು ಊರಿಗೆ ಎಳೆದೊಯ್ಯಿತು. ಮಲೇರಿಯಾದವರು ಬಕೀಟು ಹಿಡಿದು ಬರುತ್ತಿದ್ದರು. ಸೇದೋ ಬಾವಿಗೆ ಮೀನು ಮಗುಚಿ, ಗೋಡೆ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಬೂದು ಬಣ್ಣದ, ಹೊಟ್ಟೆ ಉಬ್ಬಿದ ಮೀನುಗಳು ಮೇಲಕ್ಕೆ ಬಂದು ಬಾಯಿ ಆಡಿಸುತ್ತಿದ್ದವು. ಗ್ಯಾಂಬೂಸಿಯಾ ಆಸ್ಟ್ರೇಲಿಯಾಕ್ಕೆ 1925ರಲ್ಲಿ, ಇಂಡಿಯಾಕ್ಕೆ 1928ರಲ್ಲಿ ಬಂತು. ಎರಡೂ ಕಡೆ ಕಾರಣ ಸೊಳ್ಳೆಯೇ. ಆಸ್ಟ್ರೇಲಿಯಾದಲ್ಲಿ ಅದು ಹಳ್ಳ ಸೇರಿ ಬೇರೆ ಮೀನುಗಳ ರೆಕ್ಕೆ ಕಚ್ಚಿತು, ಕಪ್ಪೆ ಮರಿಗಳನ್ನು ತಿಂದಿತು. ನಮ್ಮ ಕಡೆ ಅದರ ಲೆಕ್ಕ ಯಾರೂ ಕೇಳಲಿಲ್ಲ. ಚಳಿಜ್ವರಕ್ಕೆ ಹೆದರಿದ್ದ ಊರು ಬಕೀಟು ತಂದವನನ್ನು ಏನಂತ ಕೇಳೀತು, ಅಲ್ವಾ?

ಆದರೆ ಸೊಳ್ಳೆ ಮರಿ ತಿನ್ನುವ ಮೀನು ನಮ್ಮ ಕೆರೆಯಲ್ಲೇ ಇತ್ತು. ನೆತ್ತಿ ಮೇಲೆ ಬೆಳ್ಳಿ ಚುಕ್ಕೆ, ನೀರಿನ ಮೇಲ್ಭಾಗದಲ್ಲೇ ಓಡಾಟ. ನಾವು ಟವೆಲ್ಲಿನಲ್ಲಿ ಹಿಡಿದು ಗಾಜಿನ ಬಾಟಲಿಗೆ ಹಾಕುತ್ತಿದ್ದೆವು. ಅದು ಈಗಲೂ ಇದೆಯಾ ಅಂತ ಅಪ್ಪನನ್ನು ಕೇಳಿದೆ.

"ಅದೆಲ್ಲಿ ಬಂತು? ಯಾರೋ ಆಫ್ರಿಕನ್ ಕ್ಯಾಟ್‌ಫಿಶ್ ತಂದು ಬಿಟ್ಟವ್ರೆ" ಅಂದರು. ಬೇರೆ ಮೀನುಗಳನ್ನು ತಿಂದುಹಾಕುವ ಆ ಮೀನು ಸಾಕುವುದನ್ನು ಇಂಡಿಯಾದಲ್ಲಿ ನಿಷೇಧಿಸಿದ್ದು 2000ದಲ್ಲಿ. ಹಾಗಂತ ಹೇಳಿದರೆ ಅಪ್ಪ ಈ ಸಲ ನಗಲಿಲ್ಲ. "ಅದನ್ನ ಇಲ್ಲಿ ಬಂದು ಹೇಳು" ಅಂದರು.