ಕ್ಯಾನ್ಸಸ್ ಸಿಟಿಯಲ್ಲಿ ಮಾಫಿಯಾದ ಜಾಡು: ಹೋಗುವವರಿಗೆ ಒಂದಿಷ್ಟು ಮಾಹಿತಿ

ಅಮೆರಿಕದ ಮಾಫಿಯಾ ಅಂದ ಕೂಡಲೇ ನ್ಯೂಯಾರ್ಕ್, ಷಿಕಾಗೊ ನೆನಪಾಗುತ್ತವೆ. ಕ್ಯಾನ್ಸಸ್ ಸಿಟಿಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಮಿಸ್ಸೂರಿ ರಾಜ್ಯದಲ್ಲಿ, ಐದು ಲಕ್ಷದ ಆಸುಪಾಸು ಜನ ಇರುವ ಊರು. ಆದರೆ 1970ರ ದಶಕದಲ್ಲಿ ಲಾಸ್ ವೇಗಾಸ್ ಕ್ಯಾಸಿನೊಗಳಿಂದ ಕದ್ದ ನಗದು ಸೂಟಿನ ಜೇಬಿನಲ್ಲಿ ಕೂತು ಬರುತ್ತಿದ್ದದ್ದು ಇಲ್ಲಿಗೇ. ಈ ಕಥೆಯ ಜಾಗಗಳನ್ನು ನೋಡಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಹೆಚ್ಚಿನ ಕಡೆ ಬೋರ್ಡು ಇಲ್ಲ, ಟಿಕೆಟ್ ಕೌಂಟರ್ ಇಲ್ಲ. ಸುಮ್ನೆ ಹೋಗಿ ನಿಂತರೆ ಕಾಣುವುದು ಹಳೇ ಇಟ್ಟಿಗೆ ಕಟ್ಟಡಗಳು ಮಾತ್ರ. ಒಂದಿಷ್ಟು ಓದಿಕೊಂಡು ಹೋಗಲೇಬೇಕು. ಗ್ಯಾಂಗ್‌ಸ್ಟರ್ ಟೂರ್ ಅಂತ ಬಸ್ಸಿನಲ್ಲಿ ಸುತ್ತಿಸುವವರೂ ಇದ್ದಾರೆ. ಅದರಲ್ಲಿ ಗುಂಡಿನ ಸದ್ದು ಜಾಸ್ತಿ, ರಾಜಕೀಯ ಕಡಿಮೆ. ನನಗೆ ಈ ಊರಿನ ಮಾಫಿಯಾ ಅರ್ಥವಾಗಿದ್ದು ಬಂದೂಕಿನಿಂದಲ್ಲ, ಚುನಾವಣೆ ಮತ್ತು ಕಾಂಕ್ರೀಟಿನಿಂದ.

ಭಾರತದಿಂದ ನೇರ ವಿಮಾನ ಇಲ್ಲ. ಷಿಕಾಗೊ, ಡಲ್ಲಾಸ್‌ನಂಥ ಕಡೆ ಬದಲಿಸಬೇಕು. ಷಿಕಾಗೊದಲ್ಲಿ ಇಳಿಯುವವರಾದರೆ ಆಮ್‌ಟ್ರ್ಯಾಕ್ ರೈಲು ಹತ್ತಿ. ಏಳು ಗಂಟೆ ಚಿಲ್ಲರೆ ಪ್ರಯಾಣ. ರಾತ್ರಿ ಬಂದು ಇಳಿಯುವುದು ಯೂನಿಯನ್ ಸ್ಟೇಷನ್‌ನಲ್ಲೇ. ನಮ್ಮವರು ಹೆಚ್ಚಾಗಿ ಇರುವುದು ರಾಜ್ಯದ ಗಡಿಯ ಆಚೆ, ಕ್ಯಾನ್ಸಸ್‌ನ ಓವರ್‌ಲ್ಯಾಂಡ್ ಪಾರ್ಕ್ ಕಡೆ. ನಾವೂ ಅಲ್ಲೇ ನೆಂಟರ ಮನೆಯಲ್ಲಿದ್ದೆವು. "ಡೌನ್‌ಟೌನ್‌ನಲ್ಲಿ ಏನಿದೆ ಅಂತ ಹೋಗ್ತೀಯಾ?" ಅಂತ ಭಾವ ಕೇಳಿದರು. ಅವರು ಆ ಊರಿನಲ್ಲಿ ಎಷ್ಟೋ ವರ್ಷದಿಂದ ಇದ್ದಾರೆ! ಡೌನ್‌ಟೌನ್‌ವರೆಗೆ ಕಾರು ಬೇಕು, ಆಮೇಲೆ ಬೇಡ. ಮೇನ್ ಸ್ಟ್ರೀಟ್‌ನಲ್ಲಿ ಓಡುವ ಸ್ಟ್ರೀಟ್‌ಕಾರ್ ಪೂರ್ತಿ ಉಚಿತ. 2016ರಲ್ಲಿ ಶುರುವಾದ ಈ ಟ್ರಾಮ್ ನಾನು ಹೇಳುವ ಮುಖ್ಯ ಜಾಗಗಳನ್ನೆಲ್ಲ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಪೋಣಿಸಿಬಿಡುತ್ತದೆ. ದಕ್ಷಿಣದಿಂದ ಉತ್ತರಕ್ಕೆ ಹೋಗಿ. ಕಥೆಯೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಸಾಗುತ್ತದೆ.

ಶುರು ಯೂನಿಯನ್ ಸ್ಟೇಷನ್. 1914ರ ಭವ್ಯ ಕಟ್ಟಡ. 1933ರ ಜೂನ್ 17ರ ಬೆಳಿಗ್ಗೆ ಫ್ರಾಂಕ್ ನ್ಯಾಶ್ ಎಂಬ ಕೈದಿಯನ್ನು ರೈಲಿನಿಂದ ಇಳಿಸಿ ಕಾರಿಗೆ ಹತ್ತಿಸುತ್ತಿದ್ದಾಗ ಬಂದೂಕುಧಾರಿಗಳು ಮುತ್ತಿದರು. ನಾಲ್ವರು ಕಾನೂನು ಅಧಿಕಾರಿಗಳು ಸತ್ತರು. ಬಿಡಿಸಬೇಕಾಗಿದ್ದ ನ್ಯಾಶ್ ಕೂಡ ಸತ್ತ. ಎಫ್‌ಬಿಐ ಏಜೆಂಟರಿಗೆ ಬಂದೂಕು ಇಟ್ಟುಕೊಳ್ಳುವ, ಬಂಧಿಸುವ ಅಧಿಕಾರವನ್ನು ಕಾನೂನು ಕೊಟ್ಟಿದ್ದು ಇದಾದ ಮರುವರ್ಷ. ಹೊರಗೋಡೆಯಲ್ಲಿರುವ ಸಣ್ಣ ಗುಳಿಗಳನ್ನು ತೋರಿಸಿ "ಇವೇ ಆ ಗುಂಡಿನ ಗುರುತು" ಅನ್ನುತ್ತಾರೆ. ಅನುಮಾನಪಡುವವರೂ ಇದ್ದಾರೆ. ಫೋಟೋ ತೆಗೆದುಕೊಳ್ಳಿ, ಆಣೆ ಮಾತ್ರ ಮಾಡಬೇಡಿ. ಸ್ಟೇಷನ್ ಪೂರ್ತಿ ಕಾಣಬೇಕಾದರೆ ಎದುರಿನ ದಿಬ್ಬ ಹತ್ತಿ. ಮೊದಲ ಮಹಾಯುದ್ಧದ ಮ್ಯೂಸಿಯಂ ಅಲ್ಲಿದೆ. ಅದರ ಹುಲ್ಲುಹಾಸಿನಿಂದ ಇಡೀ ಡೌನ್‌ಟೌನ್ ಕಾಣುತ್ತದೆ.

ಅಲ್ಲಿಂದ ಉತ್ತರಕ್ಕೆ ಸ್ವಲ್ಪ ಹೋದರೆ 1908, ಮೇನ್ ಸ್ಟ್ರೀಟ್. 1908 ಅನ್ನುವುದು ಮನೆ ನಂಬರು, ಇಸವಿಯಲ್ಲ. ಎರಡು ಮಹಡಿಯ ಸಾಧಾರಣ ಕಟ್ಟಡ, ಜನ ತಿರುಗಿಯೂ ನೋಡುವುದಿಲ್ಲ. ನನಗೆ ಇಡೀ ಪ್ರವಾಸದಲ್ಲಿ ಮುಖ್ಯ ಅನ್ನಿಸಿದ ಜಾಗ ಇದೇ. ಮೇಲಿನ ಮಹಡಿಯಲ್ಲಿ ಟಾಮ್ ಪೆಂಡರ್‌ಗ್ಯಾಸ್ಟ್ ಕೂತಿರುತ್ತಿದ್ದ. ಐರಿಷ್ ಮೂಲದ ಡೆಮಾಕ್ರಟಿಕ್ ಪಕ್ಷದ ಧಣಿ. ಅವನ ಕೈಯಲ್ಲಿ ದೊಡ್ಡ ಹುದ್ದೆ ಏನೂ ಇರಲಿಲ್ಲ, ಆದರೆ ಊರು ಅವನದೇ. ಕೆಲಸ ಬೇಕಾದವರು, ಕಲ್ಲಿದ್ದಲು ಬೇಕಾದವರು, ಗುತ್ತಿಗೆ ಬೇಕಾದವರು ಎಲ್ಲರೂ ಇಲ್ಲಿ ಸಾಲು ನಿಲ್ಲುತ್ತಿದ್ದರು. ಬದಲಿಗೆ ಕೊಡಬೇಕಾದದ್ದು ವೋಟು. ಈ ಪದ್ಧತಿ ನಮಗೇನೂ ಹೊಸದಲ್ಲ, ಅಲ್ವಾ?

ಉತ್ತರ ಭಾಗದ ಇಟಾಲಿಯನ್ ವೋಟುಗಳನ್ನು ತಂದುಕೊಡುತ್ತಿದ್ದವನು ಜಾನ್ ಲಾಜಿಯಾ. ಅದಕ್ಕೆ ಪ್ರತಿಯಾಗಿ ಅವನ ಜೂಜು, ಸಾರಾಯಿ ದಂಧೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. 1932ರಲ್ಲಿ ಪೊಲೀಸ್ ಇಲಾಖೆ ರಾಜ್ಯದ ಕೈಯಿಂದ ನಗರದ ಕೈಗೆ ಬಂತು. ಆಗ ಲಾಜಿಯಾನ ಮಾತು ಠಾಣೆಯೊಳಗೂ ನಡೆಯತೊಡಗಿತು. 1939ರಲ್ಲಿ ರಾಜ್ಯ ಅದನ್ನು ಕಿತ್ತುಕೊಂಡಿತು. ಇವತ್ತಿಗೂ ಅಲ್ಲಿನ ಪೊಲೀಸರನ್ನು ನಡೆಸುವುದು ಮಿಸ್ಸೂರಿ ಗವರ್ನರ್ ನೇಮಿಸುವ ಮಂಡಳಿ. ಮೇಯರ್ ಅದರಲ್ಲಿ ಒಬ್ಬ ಸದಸ್ಯ ಮಾತ್ರ. ಆ ಕಾಲದ ಅತಿ ದೊಡ್ಡ ಕುರುಹು ಇದು, ಆದರೆ ಕಣ್ಣಿಗೆ ಕಾಣುವುದಿಲ್ಲ.

ಕಾಣುವ ಕುರುಹು ಡೌನ್‌ಟೌನ್‌ನಲ್ಲಿ ತಲೆ ಎತ್ತಿ ನಿಂತಿದೆ. 1934ರ ಜಿಲ್ಲಾ ಕೋರ್ಟು, 1937ರ ಸಿಟಿ ಹಾಲ್, ಮುನಿಸಿಪಲ್ ಆಡಿಟೋರಿಯಂ. ದೇಶವೇ ಹಿಂಜರಿತದಲ್ಲಿ ಮುಳುಗಿದ್ದಾಗ ಇಲ್ಲಿ ಕಟ್ಟಡ ಏಳುತ್ತಿದ್ದವು, ಕಾಂಕ್ರೀಟು ಪೆಂಡರ್‌ಗ್ಯಾಸ್ಟನ ಕಂಪನಿಯದ್ದು. ಕಟ್ಟಡಗಳು ಚೆನ್ನಾಗಿವೆ ಅನ್ನುವುದನ್ನೂ ಒಪ್ಪಬೇಕು. ಸಿಟಿ ಹಾಲ್‌ನ ತುದಿಯಲ್ಲಿ ವೀಕ್ಷಣಾ ಕಟ್ಟೆ ಇದೆ. ಎಲ್ಲ ಕಾಲದಲ್ಲೂ ತೆರೆದಿರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡು ಹೋಗಿ. ಪೆಂಡರ್‌ಗ್ಯಾಸ್ಟ್ 1939ರಲ್ಲಿ ತೆರಿಗೆ ವಂಚನೆಗೆ ಜೈಲು ಸೇರಿದ. ಲಾಜಿಯಾನನ್ನು ಅದಕ್ಕೂ ಮುಂಚೆ, 1934ರ ಜುಲೈ 10ರಂದು, ಆರ್ಮರ್ ಬುಲೆವಾರ್ಡ್‌ನ ಪಾರ್ಕ್ ಸೆಂಟ್ರಲ್ ಹೋಟೆಲಿನ ಮುಂದೆ ಕೊಂದರು. ಆ ಕಟ್ಟಡ ಈಗ ಅಪಾರ್ಟ್‌ಮೆಂಟ್. ಜನ ವಾಸ ಇರುವ ಜಾಗ, ರಸ್ತೆಯಿಂದಲೇ ನೋಡಿ ಬನ್ನಿ.

ಮುಂದೆ ಚಾರ್ಲ್ಸ್ ಬಿನಾಜಿಯೊ. ಲಾಜಿಯಾನ ಹಾಗೆ ಜೂಜು, ರಾಜಕೀಯ ಎರಡನ್ನೂ ನಡೆಸಿದವನು. 1950ರ ಏಪ್ರಿಲ್‌ನಲ್ಲಿ ಅವನನ್ನೂ ಸಂಗಡಿಗ ಗಾರ್ಗೊಟಾನನ್ನೂ ಟ್ರೂಮನ್ ರಸ್ತೆಯ ಪಕ್ಷದ ಕ್ಲಬ್ಬಿನಲ್ಲಿ ಗುಂಡಿಟ್ಟು ಕೊಂದರು. ಗೋಡೆಯ ಮೇಲೆ ಆಗಿನ ಅಧ್ಯಕ್ಷ ಟ್ರೂಮನ್ನರ ಪಟ, ಕೆಳಗೆ ಶವ. ಆ ಫೋಟೋ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಟ್ರೂಮನ್ ರಾಜಕೀಯಕ್ಕೆ ಬಂದಿದ್ದೇ ಪೆಂಡರ್‌ಗ್ಯಾಸ್ಟನ ಬೆಂಬಲದಿಂದ, ಹಾಗಾಗಿ ಮುಜುಗರ ದುಪ್ಪಟ್ಟು. ಸಂಘಟಿತ ಅಪರಾಧದ ತನಿಖೆಗೆ ನೇಮಕವಾಗಿದ್ದ ಸೆನೆಟ್‌ನ ಕೆಫಾವರ್ ಸಮಿತಿ ಅದೇ ವರ್ಷ ಇಲ್ಲಿಗೆ ಬಂದು ವಿಚಾರಣೆ ನಡೆಸಿತು.

ಈಗ ಸ್ಟ್ರೀಟ್‌ಕಾರ್ ಹಿಡಿದು ಇನ್ನೂ ಉತ್ತರಕ್ಕೆ, ರಿವರ್ ಮಾರ್ಕೆಟ್. ಶನಿವಾರ ಬೆಳಿಗ್ಗೆ ಹೋಗಿ, ಸಿಟಿ ಮಾರ್ಕೆಟ್‌ನಲ್ಲಿ ರೈತರ ಸಂತೆ ಇರುತ್ತದೆ. ಮಸಾಲೆ, ಸೊಪ್ಪು, ಕಾಫಿ ಎಲ್ಲ ಸಿಗುತ್ತದೆ. ಈಗ ನಾಯಿ ಹಿಡಿದು ಓಡಾಡುವ ಯುವಜನರ ಏರಿಯಾ. 1970ರ ದಶಕದಲ್ಲಿ ಇದರ ಹೆಸರು ರಿವರ್ ಕೀ. ಹಳೇ ಗೋದಾಮುಗಳಲ್ಲಿ ಅಂಗಡಿ, ಹೋಟೆಲು ಬಂದು ಕಳೆಗಟ್ಟುತ್ತಿತ್ತು. ಮಾಫಿಯಾದವರಿಗೆ ಅಲ್ಲಿ ಬೆತ್ತಲೆ ಕುಣಿತದ ಬಾರುಗಳು ಬೇಕಿದ್ದವು. ಫ್ರೆಡ್ ಬೊನಾಡೊನಾ ಎಂಬ ಹೋಟೆಲ್ ಮಾಲೀಕ ಅಡ್ಡ ಬಂದ. 1976ರಲ್ಲಿ ಅವನ ತಂದೆಯ ಶವ ಕಾರಿನ ಡಿಕ್ಕಿಯಲ್ಲಿ ಸಿಕ್ಕಿತು. 1977ರ ಮಾರ್ಚ್‌ನಲ್ಲಿ ಬಾಂಬು ಸಿಡಿದು ಬಾರುಗಳು ನೆಲಸಮ. ಗಿರಾಕಿಗಳು ಬರುವುದೇ ನಿಂತಿತು, ಏರಿಯಾ ಹಾಳುಬಿತ್ತು. ಮತ್ತೆ ಚಿಗುರಲು ಬಹಳ ವರ್ಷ ಹಿಡಿಯಿತು. ಅಲ್ಲಿ ಕಾಫಿ ಕುಡಿಯುತ್ತಾ ಕೂತಾಗ ಇದು ನಂಬಲು ಕಷ್ಟ.

ಹೆದ್ದಾರಿಯ ಆಚೆ ಬದಿ ಕೊಲಂಬಸ್ ಪಾರ್ಕ್, ಹಿಂದಿನ ನಾರ್ತ್ ಎಂಡ್. ಸಿಸಿಲಿಯಿಂದ ಬಂದವರು ನೆಲೆಸಿದ ಕೇರಿ. ಹೋಲಿ ರೋಸರಿ ಚರ್ಚ್ ಇನ್ನೂ ಇದೆ. 70ರ ದಶಕದ ನಂತರ ವಿಯೆಟ್ನಾಂ ಜನ ಬಂದರು, ಹಾಗಾಗಿ ಪಾಸ್ತಾ, ಫೋ (ವಿಯೆಟ್ನಾಂನ ನೂಡಲ್ಸ್ ಸೂಪ್) ಎರಡೂ ನಾಲ್ಕು ಹೆಜ್ಜೆಯಲ್ಲಿ ಸಿಗುತ್ತವೆ. ಇಲ್ಲೇ ಐದನೇ ಬೀದಿಯಲ್ಲಿ 'ದಿ ಟ್ರಾಪ್' ಎಂಬ ಕ್ಲಬ್ಬು ನಿಕ್ ಸಿವೆಲಾನ ಅಡ್ಡೆಯಾಗಿತ್ತು. ದಶಕಗಳ ಕಾಲ ಊರಿನ ಮಾಫಿಯಾ ಮುಖ್ಯಸ್ಥ ಅವನೇ. 1960ರಲ್ಲಿ ನೆವಾಡಾ ತನ್ನ ಕ್ಯಾಸಿನೊಗಳಿಗೆ ಕಾಲಿಡಬಾರದವರ ಮೊದಲ ಪಟ್ಟಿ ಮಾಡಿದಾಗ ಅದರಲ್ಲಿ ಅವನ ಹೆಸರಿತ್ತು. ಕಾಲಿಡದೆಯೇ ಕ್ಯಾಸಿನೊಗಳನ್ನು ಕೊಳ್ಳೆ ಹೊಡೆದ. ಲಾರಿ ಚಾಲಕರ ದೊಡ್ಡ ಯೂನಿಯನ್ನಿನ ಪಿಂಚಣಿ ನಿಧಿಯಿಂದ ಕ್ಯಾಸಿನೊಗಳಿಗೆ ಸಾಲ ಹೋಗುತ್ತಿತ್ತು. ಆ ಯೂನಿಯನ್ನಿನಲ್ಲಿ ಮೇಲೇರಿದ ಇದೇ ಊರಿನ ರಾಯ್ ವಿಲಿಯಮ್ಸ್ ಸಿವೆಲಾನ ಮುಷ್ಟಿಯಲ್ಲಿದ್ದ. ಸಾಲ ಕೊಡಿಸಿದವರಿಗೆ ಲೆಕ್ಕಕ್ಕೆ ಬಾರದ ನಗದು ವಾಪಸ್.

ಸಿಕ್ಕಿಬಿದ್ದ ರೀತಿ ಮಜವಾಗಿದೆ. 1978ರಲ್ಲಿ ಎಫ್‌ಬಿಐ ಬೇರೆ ಯಾವುದೋ ಕೊಲೆ ಸಂಚಿನ ಸುಳಿವಿಗಾಗಿ ವಿಲ್ಲಾ ಕಾಪ್ರಿ ಎಂಬ ರೆಸ್ಟೋರೆಂಟ್‌ನಲ್ಲಿ ಮೈಕು ಅಡಗಿಸಿತು. ಕೇಳಿದ್ದು ವೇಗಾಸ್ ಕ್ಯಾಸಿನೊಗಳ ಮಾತು. 1979ರ ಫೆಬ್ರುವರಿ 14ರಂದು ವಿಮಾನ ನಿಲ್ದಾಣದಲ್ಲಿ ಒಬ್ಬನ ಕೋಟಿನ ಜೇಬುಗಳಲ್ಲಿ 80,000 ಡಾಲರ್ ಸಿಕ್ಕಿತು. ಅದೇ ದಿನ ಸಿವೆಲಾನ ಗುಂಪಿನ ಕಾರ್ಲ್ ಡಿಲೂನಾನ ಮನೆಯಲ್ಲಿ ಅವನೇ ಕೈಬರಹದಲ್ಲಿ, ಗುಪ್ತ ಹೆಸರುಗಳೊಂದಿಗೆ ಬರೆದಿಟ್ಟ ಲೆಕ್ಕಪತ್ರ ಸಿಕ್ಕಿತು. ಯಾರಿಗೆ ಎಷ್ಟು ಪಾಲು, ಪ್ರಯಾಣದ ಖರ್ಚೆಷ್ಟು, ಎಲ್ಲಾ. ಅಷ್ಟು ಪ್ರಾಮಾಣಿಕ ಗುಮಾಸ್ತ! ಸಿವೆಲಾ 1983ರಲ್ಲಿ ಸತ್ತ. 1986ರಲ್ಲಿ ಇದೇ ಊರಿನ ಫೆಡರಲ್ ಕೋರ್ಟಿನಲ್ಲಿ ಷಿಕಾಗೊದ ಮುಖ್ಯಸ್ಥ ಜೋಸೆಫ್ ಐಯುಪಾ ಸಹಿತ ದೊಡ್ಡ ತಲೆಗಳಿಗೆ ಶಿಕ್ಷೆಯಾಯಿತು.

ಕೊಲಂಬಸ್ ಪಾರ್ಕಿನಲ್ಲಿ ಒಂದು ಮಾತು ನೆನಪಿಡಿ. ಅಲ್ಲಿ ಈಗಲೂ ಹಳೇ ಮನೆತನದವರು ಇದ್ದಾರೆ, ಬಹುಪಾಲು ಜನರಿಗೂ ದಂಧೆಗೂ ಸಂಬಂಧವೇ ಇರಲಿಲ್ಲ. ಊಟಕ್ಕೆ ಕೂತು ಮಾಣಿಯ ಹತ್ತಿರ "ಮಾಫಿಯಾ ಎಲ್ಲಿ?" ಅಂತ ಕೇಳಬೇಡಿ. ಚರ್ಚ್, ಊಟ, ಹಳೇ ಕಾಲದ ಬಗ್ಗೆ ಕೇಳಿದರೆ ಅವರೇ ಮಾತು ತೆಗೆಯುತ್ತಾರೆ.

ಸಸ್ಯಾಹಾರಿಗಳೇ, ಇದು ಬಾರ್ಬೆಕ್ಯೂ ಊರು. ಅಲ್ಲಿನ ಬೇಯಿಸಿದ ಬೀನ್ಸ್‌ನಲ್ಲೂ ಮಾಂಸ ಇರುತ್ತದೆ, ಕೇಳಿಯೇ ತಿನ್ನಿ. ದನದ ಮಾಂಸ ತಿನ್ನದವರು ಇನ್ನೂ ಹುಷಾರಾಗಿರಬೇಕು. ಇಟಾಲಿಯನ್ ಹೋಟೆಲುಗಳಲ್ಲಿ ತೊಂದರೆ ಇಲ್ಲ. ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ಚಳಿಗಾಲದಲ್ಲಿ ಗಾಳಿಗೆ ಬೀದಿ ಸುತ್ತಲು ಆಗುವುದಿಲ್ಲ. ಕಾರಿನಲ್ಲಿ ಬ್ಯಾಗು ಕಾಣುವಂತೆ ಬಿಡಬೇಡಿ.

ಸಂಜೆ ಉಳಿದರೆ 18ನೇ ಬೀದಿ ಮತ್ತು ವೈನ್ ಸ್ಟ್ರೀಟ್ ಕಡೆ ಹೋಗಿ. ಸ್ಟ್ರೀಟ್‌ಕಾರ್ ಅಲ್ಲಿಗೆ ಹೋಗುವುದಿಲ್ಲ, ಊಬರ್ ಮಾಡಿ. ಪೆಂಡರ್‌ಗ್ಯಾಸ್ಟ್ ಕಾಲದಲ್ಲಿ ಬಾರುಗಳು ಬೆಳಗಿನವರೆಗೆ ಮುಚ್ಚುತ್ತಿರಲಿಲ್ಲ, ಅಷ್ಟು ಹೊತ್ತೂ ಸಂಗೀತ ಬೇಕಿತ್ತು. ಜಾಝ್ ದಿಗ್ಗಜರಾದ ಕೌಂಟ್ ಬೇಸಿ ಹೆಸರು ಮಾಡಿದ್ದು, ಚಾರ್ಲಿ ಪಾರ್ಕರ್ ಬೆಳೆದಿದ್ದು ಆ ಊರಿನಲ್ಲೇ. ಜಾಝ್ ಮ್ಯೂಸಿಯಂ ಹಗಲಿಗೆ, ಮ್ಯೂಚುವಲ್ ಮ್ಯುಸಿಶಿಯನ್ಸ್ ಫೌಂಡೇಶನ್‌ನ ಸಂಗೀತ ಕಚೇರಿ ವಾರಾಂತ್ಯದ ನಡುರಾತ್ರಿಗೆ. ಮಧ್ಯಾಹ್ನ ಒಂದು ನಿದ್ದೆ ತೆಗೆದು ಹೋಗಿ, ವಾಪಸು ಬರುವ ಗಾಡಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ.