ಬಸವನಗುಡಿಯ ಮೆಟ್ಟಿಲು, ಕೆಂಗೇರಿಯ ಗಾಳಿ

ಇದ್ದ ಮನೆಯನ್ನು ಮಾಲೀಕರು ತಮ್ಮ ಮಗನಿಗೆಂದು ಬಿಡಿಸಿಕೊಂಡಾಗ ನಮಗೆ ಸಿಕ್ಕಿದ್ದು ಎರಡು ತಿಂಗಳ ಗಡುವು. ಹುಡುಕಾಟದ ಕೊನೆಗೆ ಉಳಿದದ್ದು ಎರಡು ಬಾಡಿಗೆ ಮನೆಗಳು: ಒಂದು ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ಹತ್ತಿರ, ಇನ್ನೊಂದು ಕೆಂಗೇರಿ ಉಪನಗರದಲ್ಲಿ. ಎರಡನ್ನೂ ಒಂದೇ ಶನಿವಾರ ನೋಡಿ ತೀರ್ಮಾನಿಸಿಬಿಡೋಣವೆಂದು ನಾನೂ ಅಮ್ಮನೂ ಹೊರಟೆವು.

ನನ್ನ ಮನಸ್ಸು ಮೊದಲೇ ಬಸವನಗುಡಿಯ ಕಡೆ ವಾಲಿತ್ತು. 1898ರ ಪ್ಲೇಗಿನ ನಂತರ, ಕಿಕ್ಕಿರಿದ ಪೇಟೆಯ ಜನರಿಗೆ ಗಾಳಿ ಬೆಳಕಿರುವ ಜಾಗ ಬೇಕೆಂದು ಮಲ್ಲೇಶ್ವರದ ಜೊತೆಗೆ ಬೆಳೆಸಿದ ಬಡಾವಣೆ ಅದು. ಅಲ್ಲಿ ಸಂಜೆ ಕೃಷ್ಣರಾವ್ ಪಾರ್ಕಿನಲ್ಲಿ ಕೂರಬಹುದು, ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಅಮ್ಮ ನಡೆದೇ ಹೋಗಿಬರಬಹುದು ಎಂದೆಲ್ಲ ಲೆಕ್ಕ ಹಾಕಿದ್ದೆ. ಆ ದಿನ ಬೆಳಿಗ್ಗೆಯೂ ದೊಡ್ಡ ಬಸವಣ್ಣನಿಗೆ ಕೈಮುಗಿದೇ ಮನೆ ನೋಡಲು ಹೋದೆವು.

ಮನೆ ಎರಡನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಬಾಡಿಗೆ ಮೂವತ್ತು ಸಾವಿರ, ಹತ್ತು ತಿಂಗಳ ಅಡ್ವಾನ್ಸ್. ನಡುಮನೆಯಲ್ಲಿ ಹಗಲಿನಲ್ಲೇ ದೀಪ ಹಾಕಬೇಕಿತ್ತು. ಮಾಲೀಕರು ನೀರು, ಕರೆಂಟಿನ ವಿಷಯಕ್ಕೆ ಬರುವ ಮೊದಲೇ "ನೀವು ಸಸ್ಯಾಹಾರಿಗಳೇ ತಾನೇ?" ಎಂದು ಕೇಳಿದರು. ಹೌದೆಂದೆ. ಆದರೆ ಬಾಡಿಗೆ ಕೊಡುವವನ ತಟ್ಟೆಯಲ್ಲಿ ಏನಿದೆ ಎಂದು ಬಾಗಿಲಲ್ಲೇ ವಿಚಾರಿಸುವ ಈ ಪದ್ಧತಿ ನನಗೆ ಎಂದೂ ಹಿಡಿಸಿದ್ದಿಲ್ಲ. ಅಮ್ಮ ಮಾತ್ರ ಈ ಮಾತುಕತೆಗೆ ಕಿವಿಗೊಡದೆ ಅಡುಗೆಮನೆಯ ನಲ್ಲಿ ತಿರುಗಿಸಿ, ಒಂದು ಗುಟುಕು ಕುಡಿದು, "ಕಾವೇರಿ" ಎಂದರು. ಇಳಿಯುವಾಗ ಕಂಬಿ ಹಿಡಿದುಕೊಂಡು ಏನನ್ನೋ ಗೊಣಗುತ್ತಿದ್ದರು, ಮಂತ್ರವೆಂದುಕೊಂಡಿದ್ದೆ. ಕೊನೆಯ ಮೆಟ್ಟಿಲಿಗೆ "ಮೂವತ್ತನಾಲ್ಕು" ಎಂದು ನಿಟ್ಟುಸಿರುಬಿಟ್ಟಾಗ ಅದು ಎಣಿಕೆಯೆಂದು ತಿಳಿಯಿತು.

ಮಧ್ಯಾಹ್ನ ಮೆಟ್ರೋ ಹಿಡಿದು ಕೆಂಗೇರಿಗೆ ಬಂದೆವು. ನೇರಳೆ ಮಾರ್ಗ 2021ರ ಆಗಸ್ಟಿನಲ್ಲಿ ಇಲ್ಲಿಯವರೆಗೆ ಬಂದಿರದಿದ್ದರೆ ನಾನು ಈ ಮನೆಯ ಯೋಚನೆಯನ್ನೇ ಮಾಡುತ್ತಿರಲಿಲ್ಲ. ನನ್ನ ಕಚೇರಿ ಇರುವುದು ಎಂ.ಜಿ. ರಸ್ತೆಯಲ್ಲಿ. ಬಸವನಗುಡಿಯಿಂದಾದರೆ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ನಡೆದು, ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ತಲುಪಿ, ಅಲ್ಲಿನ ಜನಜಂಗುಳಿಯಲ್ಲಿ ರೈಲು ಬದಲಿಸಬೇಕು. ಕೆಂಗೇರಿಯಿಂದ ಹತ್ತಿದರೆ ಕೂತ ಸೀಟಿನಿಂದ ಏಳದೆ ಇಳಿಯಬಹುದು. ನಕ್ಷೆಯಲ್ಲಿ ಅಷ್ಟೊಂದು ದೂರವೆನಿಸಿದ ಊರು, ಮನೆಬಾಗಿಲಿನಿಂದ ಲೆಕ್ಕ ಹಾಕಿದರೆ ಕಾಲು ಗಂಟೆಯಷ್ಟೇ ಹೆಚ್ಚು. ಆದರೆ 2025ರ ಫೆಬ್ರವರಿಯಲ್ಲಿ ದರ ಏರಿ ಗರಿಷ್ಠ ಟಿಕೆಟ್ 90 ರೂಪಾಯಿ ಆಗಿರುವುದರಿಂದ, ಬಾಡಿಗೆಯಲ್ಲಿ ಉಳಿಯುವ ಹಣದ ಒಂದು ಪಾಲು ಮೆಟ್ರೋಗೇ ಹೋಗುತ್ತದೆ.

ಈ ಮನೆ ನೆಲಮಹಡಿಯಲ್ಲಿತ್ತು. ಬಾಡಿಗೆ ಹತ್ತೊಂಬತ್ತು ಸಾವಿರ, ಅಡ್ವಾನ್ಸ್ ಒಂದು ಲಕ್ಷ, ಅಂಗಳದಲ್ಲೊಂದು ಕರಿಬೇವಿನ ಗಿಡ. ಅಮ್ಮ ಇಲ್ಲಿ ನಲ್ಲಿ ತಿರುಗಿಸಲೇ ಇಲ್ಲ. ಅದರ ಬಾಯಿಗೆ ಕಟ್ಟಿದ್ದ ಬಿಳಿಯ ಪದರವನ್ನು ಉಗುರಿನಿಂದ ಕೆರೆದು, "ಬೋರ್ ನೀರು ಕಣೋ, ಬೇಳೆ ಬೇಯಲ್ಲ" ಎಂದರು. ಕುಡಿಯುವುದಕ್ಕೂ ಅಡುಗೆಗೂ ವಾರಕ್ಕೆರಡು ಸಲ ಕಾವೇರಿ ನೀರು ಬರುತ್ತದೆ, ಉಳಿದದ್ದಕ್ಕೆ ಬೋರ್‌ವೆಲ್ ಎಂದು ಮಾಲೀಕರು ಒಪ್ಪಿಕೊಂಡರು.

ಅಲ್ಲಿಗೇ ಮುಗಿಸಿ ಬರಬಹುದಿತ್ತು. ಆದರೆ ಬೀದಿಬದಿಯ ಅಂಗಡಿಯಲ್ಲಿ ಕಾಫಿ ಕುಡಿಯುವಾಗ, ಅಂಗಡಿಯಾಕೆ "ಸಂಜೆ ಏಳರ ಮೇಲೆ ಒಂದ್ಸಲ ನಿಂತು ನೋಡಿ ಸಾರ್" ಎಂದರು. ನಿಂತೆವು. ಕತ್ತಲಾಗಿ ಗಾಳಿ ತಿರುಗುತ್ತಿದ್ದಂತೆ ವೃಷಭಾವತಿಯ ವಾಸನೆ ಬಂತು. ಊರಿನ ಕೊಳಚೆಯನ್ನು ಹೊತ್ತು, ನೊರೆಯೆಬ್ಬಿಸುತ್ತ ಮೈಸೂರು ರಸ್ತೆಯ ಪಕ್ಕದಲ್ಲಿ ಹರಿಯುವ ನೀರು ಅದು. ಈ ನದಿ ಹುಟ್ಟುವುದು ದೊಡ್ಡ ಬಸವಣ್ಣನ ಪಾದದಲ್ಲಿ ಎಂಬ ನಂಬಿಕೆಯಿದೆ. ಹೆಸರು ಬಂದದ್ದೂ ಅಲ್ಲಿಂದಲೇ. ಬೆಳಿಗ್ಗೆ ಕೈಮುಗಿದು ಬಂದ ಜಾಗದ ನೀರಿಗೆ ಸಂಜೆ ಮೂಗು ಮುಚ್ಚಿಕೊಂಡು ನಿಂತಿದ್ದೆವು.

ಬಸವನಗುಡಿಗೇ ಹೋಗೋಣವೇ ಎಂದು ಕೇಳಿದೆ. ಅಮ್ಮ ಸೆರಗನ್ನು ಮೂಗಿನಿಂದ ತೆಗೆಯದೆಯೇ, "ಅಲ್ಲಿ ದೇವಸ್ಥಾನ ಹತ್ತಿರ ಇದ್ದು ಏನು ಬಂತು? ದಿನಾ ಇಳಿದು ಹತ್ತೋಳು ನಾನಲ್ವಾ?" ಎಂದರು. ಮಹಡಿಯ ಮೇಲೆ ಕೂತವರಿಗೆ ಬಸವನಗುಡಿಯೂ ಒಂದು ಕಿಟಕಿಯಷ್ಟೇ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಕೆಂಗೇರಿಯ ಮಾಲೀಕರ ಮನೆಗೆ ಮರಳಿ, ಚೌಕಾಸಿ ಮಾಡಿ ಒಂದು ಸಾವಿರ ಇಳಿಸಿ, ಹತ್ತು ಸಾವಿರ ಟೋಕನ್ ಕೊಟ್ಟೆ. ಬೇರೇನಾದರೂ ರಿಪೇರಿ ಆಗಬೇಕೇ ಎಂದು ಅವರು ಕೇಳಿದಾಗ ಅಮ್ಮ, ಅಡುಗೆಮನೆಯ ಕಿಟಕಿಯ ಚಿಲಕ ಸರಿಯಾಗಿ ಬೀಳುತ್ತಿಲ್ಲ, ಅದೊಂದನ್ನು ಮಾಡಿಸಿಕೊಡಿ ಎಂದರು.