ಬೋಟಿನಲ್ಲಿರುವವರೆಲ್ಲ ಬಾಂಗ್ಲಾದವರಾ?

ನಾನು ಕಾರವಾರದವನು, ಬೈತಖೋಲ ಬಂದರಿನಲ್ಲಿ ಕೆಲವು ಬೋಟುಗಳ ಲೆಕ್ಕ ಬರೆಯುತ್ತೇನೆ ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. "ನಿಮ್ಮ ಕಡೆ ಬೋಟುಗಳಲ್ಲಿ ಬರೀ ಬಾಂಗ್ಲಾದವರೇ ಅಂತೆ, ಹೌದಾ? ಹಿಡಿದು ವಾಪಸ್ ಕಳಿಸೋಕೆ ಏನು ಕಷ್ಟ?" ಬೆಂಗಳೂರಿನ ನೆಂಟರು ಕೇಳುತ್ತಾರೆ. ಶಿರಸಿ ಕಡೆ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಎಲೆಯ ಮುಂದೆ ಕೂತು ಪೂರ್ತಿ ಉತ್ತರ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಅಲ್ಲ. ನಮ್ಮ ಬೋಟುಗಳಲ್ಲಿ ಒಡಿಶಾದವರಿದ್ದಾರೆ, ಜಾರ್ಖಂಡ್, ಛತ್ತೀಸ್‌ಗಢದವರಿದ್ದಾರೆ. ಬೋಟು ನಡೆಸುವ ತಾಂಡೇಲ ಹೆಚ್ಚಾಗಿ ನಮ್ಮವನೇ, ಬಲೆ ಎಳೆಯುವ ಖಲಾಸಿಗಳು ಹೊರಗಿನವರು. ನಮ್ಮ ಹುಡುಗರು ಗೋವಾದ ಹೋಟೆಲಿಗೋ ದುಬೈಗೋ ಹೋದ ಮೇಲೆ ಆ ಜಾಗ ತುಂಬಲೇಬೇಕಿತ್ತಲ್ಲ. ಒಡಿಯಾ ಮಾತು ನಮ್ಮ ಕಿವಿಗೆ ಬಂಗಾಳಿ ಥರವೇ ಕೇಳುತ್ತದೆ. ಇನ್ನು ಬಂಗಾಳಿ ಮಾತಾಡುವವರೆಲ್ಲ ಬಾಂಗ್ಲಾದವರಲ್ಲ. ಪಶ್ಚಿಮ ಬಂಗಾಳ, ತ್ರಿಪುರಾ, ಅಸ್ಸಾಮಿನ ಬರಾಕ್ ಕಣಿವೆ, ಇಷ್ಟೂ ಭಾರತದೊಳಗೇ ಇವೆ. ಗಡಿಯ ಆಚೆ ಈಚೆ ಊಟ, ಉಡುಪು, ಹೆಸರು ಎಲ್ಲ ಹೆಚ್ಚು ಕಡಿಮೆ ಒಂದೇ. ಮಾತು ಕೇಳಿ ದೇಶ ಹೇಳುವುದಾದರೆ ಕಾರವಾರದಲ್ಲಿ ಕೊಂಕಣಿ ಮಾತಾಡುವ ನನ್ನನ್ನು ಯಾವ ರಾಜ್ಯಕ್ಕೆ ಸೇರಿಸುತ್ತೀರಿ?

ಹಾಗಂತ ಬಾಂಗ್ಲಾದವರು ಕರಾವಳಿಗೆ ಬಂದೇ ಇಲ್ಲ ಅಂತ ನಾನು ಹೇಳುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಉಡುಪಿ ಜಿಲ್ಲೆಯ ಮಲ್ಪೆ ಕಡೆ ಕೆಲವರು ಸಿಕ್ಕಿಬಿದ್ದರು. ಅವರ ಹತ್ತಿರ ನಕಲಿ ಆಧಾರ್ ಇತ್ತು. ನಮ್ಮದು ನೌಕಾನೆಲೆ ಇರುವ ಊರು. 2008ರಲ್ಲಿ ಮುಂಬೈಗೆ ಹತ್ತು ಜನ ಬಂದದ್ದು ಮೀನುಗಾರಿಕೆ ಬೋಟಿನಲ್ಲೇ ಅನ್ನೋದನ್ನು ಇಲ್ಲಿ ಯಾರೂ ಮರೆತಿಲ್ಲ. ಬೋಟಿನಲ್ಲಿ ಯಾರಿದ್ದಾರೆ ಅಂತ ಸರ್ಕಾರ ಕೇಳುವುದು ನ್ಯಾಯವೇ. ಕೇಳಬೇಕು ಕೂಡ.

ಕಷ್ಟ ಇರುವುದು ಎರಡನೆಯ ಪ್ರಶ್ನೆಯಲ್ಲಿ. 'ವಾಪಸ್ ಕಳಿಸೋಕೆ ಏನು ಕಷ್ಟ?'

ಇದಕ್ಕೆ ನಾನು ಗೋಕರ್ಣದ ಕಥೆ ಹೇಳುತ್ತೇನೆ. 2025ರ ಜುಲೈನಲ್ಲಿ ರಾಮತೀರ್ಥದ ಗುಡ್ಡದ ಗುಹೆಯೊಂದರಲ್ಲಿ ರಷ್ಯಾದ ಮಹಿಳೆಯೊಬ್ಬರು ಇಬ್ಬರು ಚಿಕ್ಕ ಹೆಣ್ಣುಮಕ್ಕಳ ಜೊತೆ ಇದ್ದದ್ದು ಪೊಲೀಸರ ಕಣ್ಣಿಗೆ ಬಿತ್ತು. ವೀಸಾ ಮುಗಿದದ್ದು 2017ರಲ್ಲಿ. ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಅವರು ರಷ್ಯಾದವರು ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಪಾಸ್‌ಪೋರ್ಟ್ ಸಿಕ್ಕಿತ್ತು. ರಷ್ಯಾ 'ಇವರು ನಮ್ಮವರಲ್ಲ' ಅನ್ನಲಿಲ್ಲ. ಆದರೂ ಮಕ್ಕಳಿಗೆ ಪ್ರಯಾಣದ ಕಾಗದ ಮಾಡಿಸಬೇಕಾಯಿತು, ಮಕ್ಕಳ ತಂದೆ ಕೋರ್ಟಿಗೆ ಹೋದರು, ಹೈಕೋರ್ಟು ಮಕ್ಕಳ ಹಿತ ನೋಡಿ ಅಂತ ಹೇಳಿತು. ಕಡೆಗೆ ಕಳಿಸಿಕೊಡಿ ಅಂತ ಆದೇಶ ಬಂದದ್ದು ಸೆಪ್ಟೆಂಬರ್ ಕೊನೆಗೆ. ಎಲ್ಲ ನೇರ ಇದ್ದಾಗಲೇ ಎರಡು ತಿಂಗಳ ಮೇಲಾಯಿತು.

(ಇಲ್ಲೊಂದು ಮಾತು. ಆಗ ಇದೇ ನೆಂಟರು "ಪಾಪ, ಧ್ಯಾನ ಮಾಡ್ಕೊಂಡು ಇದ್ಲಂತೆ" ಅಂತ ನನಗೆ ಫೋಟೋ ಕಳಿಸಿದ್ದರು. ಕಾನೂನಿನ ಕಣ್ಣಲ್ಲಿ ಅದೂ ಅಕ್ರಮ ವಾಸವೇ. ನನಗೂ ಪಾಪ ಅನಿಸಿತ್ತು, ಅದು ಬೇರೆ ವಿಷಯ.)

ಈಗ ಕೈಯಲ್ಲಿ ಏನೂ ಇಲ್ಲದವನ ವಿಷಯಕ್ಕೆ ಬನ್ನಿ. ಪಾಸ್‌ಪೋರ್ಟ್ ಇಲ್ಲ. ಅವನು ಹೇಳಿದ ಹೆಸರು, ಅಪ್ಪನ ಹೆಸರು, ಊರು ಎಲ್ಲ ಬರೆದುಕೊಂಡು ದೆಹಲಿ ಮೂಲಕ ಢಾಕಾಕ್ಕೆ ಕಳಿಸಬೇಕು. ಅಲ್ಲಿ ಹಳ್ಳಿಯ ಪೊಲೀಸರು ಹೋಗಿ ವಿಚಾರಿಸಬೇಕು. 'ಹೌದು, ನಮ್ಮವನೇ' ಅಂತ ಅವರು ಒಪ್ಪಬೇಕು. ಒಪ್ಪದಿದ್ದರೆ, ಅಥವಾ ಉತ್ತರವೇ ಬರದಿದ್ದರೆ ಆ ಮನುಷ್ಯ ಇಲ್ಲೇ ಕೂರುತ್ತಾನೆ, ನಮ್ಮ ತೆರಿಗೆ ಹಣದಲ್ಲಿ. ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ಹಳೆಯ ಹಾಸ್ಟೆಲ್ ಕಟ್ಟಡವನ್ನು ಇಂಥವರಿಗೆ ಅಂತಲೇ ಸಿದ್ಧ ಮಾಡಿದ್ದಾರೆ. ಬಾಂಗ್ಲಾದೇಶದ ಜೊತೆ ನಮಗೆ 4,096 ಕಿಲೋಮೀಟರ್ ಗಡಿ ಇದೆ. ಆದರೂ ಇನ್ನೊಂದು ದೇಶದ ಒಪ್ಪಿಗೆ ಇಲ್ಲದೆ ಮನುಷ್ಯನನ್ನು ಕಾನೂನು ಪ್ರಕಾರ ಗಡಿ ದಾಟಿಸಲು ಬರುವುದಿಲ್ಲ.

ಈ ಕೆಲಸ ಬೇಗ ಮುಗಿಸೋಣ ಅಂತ ಹೊರಟರೆ ಏನಾಗುತ್ತದೆ ಅನ್ನೋದೂ 2025ರಲ್ಲೇ ಗೊತ್ತಾಯಿತು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಕುಟುಂಬವೊಂದು ದೆಹಲಿಯಲ್ಲಿ ದುಡಿಯುತ್ತಿತ್ತು. ಅವರನ್ನು ಬಾಂಗ್ಲಾದವರು ಅಂತ ಜೂನ್‌ನಲ್ಲಿ ಗಡಿ ದಾಟಿಸಿದರು. ಆ ಕುಟುಂಬದ ಹೆಂಗಸು ಆಗ ಬಸುರಿ. ಕಲ್ಕತ್ತಾ ಹೈಕೋರ್ಟು ವಾಪಸ್ ಕರೆತನ್ನಿ ಅಂದಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅವಳು ಮಗನ ಜೊತೆ ಈ ಕಡೆಗೆ ಬಂದದ್ದು ಡಿಸೆಂಬರ್‌ನಲ್ಲಿ. ನನ್ನ ಪುಸ್ತಕದಲ್ಲಿ ಬೀರ್‌ಭೂಮ್, ಮುರ್ಷಿದಾಬಾದ್ ವಿಳಾಸ ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

"ಎಲ್ಲರ ದಾಖಲೆ ಒಂದೇ ಸಲ ತೆಗೆಸಿ ನೋಡಿದರಾಯಿತಲ್ಲ" ಅನ್ನುವವರಿದ್ದಾರೆ. ಅಸ್ಸಾಮಿನಲ್ಲಿ ಅದನ್ನೂ ಮಾಡಿದರು. 1971ರ ಮಾರ್ಚ್ 24ರ ಮಧ್ಯರಾತ್ರಿಯೊಳಗೆ ನೀವು ಇಲ್ಲವೇ ನಿಮ್ಮ ಹಿರಿಯರು ಇಲ್ಲಿದ್ದರು ಅನ್ನೋದಕ್ಕೆ ಕಾಗದ ತನ್ನಿ ಅಂದರು. ಅರ್ಜಿ ಹಾಕಿದವರು ಸುಮಾರು 3.3 ಕೋಟಿ. 2019ರ ಆಗಸ್ಟ್ 31ರಂದು ಪೌರರ ಪಟ್ಟಿ (ಎನ್‌ಆರ್‌ಸಿ) ಬಂದಾಗ 19 ಲಕ್ಷಕ್ಕೂ ಜಾಸ್ತಿ ಜನ ಹೊರಗೆ ಉಳಿದರು. ಪಟ್ಟಿ ಬೇಕು ಅಂದವರೇ ಅದು ಸರಿ ಇಲ್ಲ ಅಂದರು, ಬೇಡ ಅಂದವರೂ ಸರಿ ಇಲ್ಲ ಅಂದರು. ನಮ್ಮ ಜಿಲ್ಲೆಯಲ್ಲಿ ಹಾಗೆ ಕೇಳಿದರೆ? ಎಷ್ಟು ಮನೆಗಳಲ್ಲಿ ಅಜ್ಜನ ಕಾಲದ ಕಾಗದ ಇದೆ? ಅರಣ್ಯ ಅತಿಕ್ರಮಣದ ಅರ್ಜಿಗೆ ಎಪ್ಪತ್ತೈದು ವರ್ಷದ ಪುರಾವೆ ತನ್ನಿ ಅಂದಾಗ ನಮ್ಮ ಘಟ್ಟದ ಕೆಳಗಿನ, ಮೇಲಿನ ಜನ ಪಟ್ಟ ಪಾಡು ನಿಮಗೇ ಗೊತ್ತು.

ಕಾನೂನು ಇಲ್ಲ ಅಂತಲ್ಲ. 2025ರ ಸೆಪ್ಟೆಂಬರ್ 1ರಿಂದ ವಿದೇಶಿಯರ ವಿಷಯಕ್ಕೆ ಹೊಸ ಕಾನೂನು ಜಾರಿಯಲ್ಲಿದೆ. 1920, 1939, 1946ರ ಹಳೆಯವು ಹೋದವು. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಗೆ ಬಂದರೆ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ನಕಲಿ ಪಾಸ್‌ಪೋರ್ಟ್ ಆದರೆ ಏಳು ವರ್ಷದವರೆಗೂ ಹೋಗಬಹುದು. ತಾನು ವಿದೇಶಿ ಅಲ್ಲ ಅಂತ ತೋರಿಸುವ ಹೊಣೆ ಸಿಕ್ಕಿಬಿದ್ದವನದೇ. ಲಾಡ್ಜು, ಆಸ್ಪತ್ರೆ, ಕಾಲೇಜಿನವರು ವಿದೇಶಿಯರ ವಿವರ ಕೊಡಬೇಕು. ಗೋಕರ್ಣದಲ್ಲಿ ರೂಮು ಕೊಡುವವರಿಗೆ ಇದೆಲ್ಲ ಬಾಯಿಪಾಠ.

ಆದರೆ ಬೋಟಿಗೆ ಜನ ಹೇಗೆ ಬರುತ್ತಾರೆ ಗೊತ್ತಾ? ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್. ಆಗಸ್ಟ್ ಹತ್ತಿರ ಬಂದಂತೆ ಮಾಲೀಕ ಏಜೆಂಟನಿಗೆ ಫೋನ್ ಮಾಡಿ "ಹತ್ತು ಜನ ಬೇಕು" ಅನ್ನುತ್ತಾನೆ. ಏಜೆಂಟ ತಲೆಗೆ ಇಷ್ಟು ಅಂತ ಕಮಿಷನ್ ತೆಗೆದುಕೊಂಡು ರೈಲು ಹತ್ತಿಸುತ್ತಾನೆ. ಬಂದವರ ಆಧಾರ್ ಝೆರಾಕ್ಸ್ ನನ್ನ ಕೈಗೆ ಬರುತ್ತದೆ. ನಾನು ಫೈಲಿಗೆ ಹಾಕುತ್ತೇನೆ. ಅಲ್ಲಿಗೆ ಮುಗಿಯಿತು. ಆಧಾರ್ ಪೌರತ್ವದ ಪುರಾವೆ ಅಲ್ಲ ಅಂತ ಆಧಾರ್ ಕಾನೂನೇ ಹೇಳುತ್ತದೆ. ಅದು ನಕಲಿಯೋ ಅಸಲಿಯೋ ಅಂತ ನೋಡಲು ಫೋನಿನಲ್ಲೇ ದಾರಿ ಇದೆ, ಹೆಚ್ಚು ಹೊತ್ತೂ ಬೇಕಿಲ್ಲ. ಕರಾವಳಿಯಲ್ಲಿ ಎಷ್ಟು ಮಾಲೀಕರು ಅಷ್ಟು ಮಾಡುತ್ತಾರೆ? ಕಾಗದ ಇಲ್ಲದವನು ಅಗ್ಗ. ಸಂಬಳ ತಡವಾದರೂ ಸುಮ್ನೆ ಇರುತ್ತಾನೆ, ಕೈ ಮುರಿದರೂ ಪರಿಹಾರ ಕೇಳುವುದಿಲ್ಲ, ಠಾಣೆಗಂತೂ ಹೋಗುವುದೇ ಇಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿ ಅದು ಲಾಭದ ಕಡೆಗೇ ಬೀಳುತ್ತದೆ. ಸಿಕ್ಕಿಬಿದ್ದಾಗ ಜೈಲಿಗೆ ಹೋಗುವವನು ಖಲಾಸಿ. ಏಜೆಂಟನ ಫೋನು ಸ್ವಿಚ್ ಆಫ್. ಮಾಲೀಕ "ನನಗೆ ಆಧಾರ್ ತೋರಿಸಿದ್ದ ಸಾರ್" ಅಂತಾನೆ.

ನಮ್ಮವರೂ ಇದೇ ಜಾಗದಲ್ಲಿ ನಿಂತಿದ್ದಾರೆ, ಕೊಲ್ಲಿಯಲ್ಲಿ. ಭಟ್ಕಳ, ಹೊನ್ನಾವರ, ಕಾರವಾರದಲ್ಲಿ ಗಲ್ಫ್ ನೋಡದ ಕುಟುಂಬ ಕಡಿಮೆ. 2013ರಲ್ಲಿ ಸೌದಿಯವರು ಕಾಗದ ಸರಿ ಇಲ್ಲದವರಿಗೆ ಕೆಲವು ತಿಂಗಳ ಗಡುವು ಕೊಟ್ಟರು. ಸರಿ ಮಾಡಿಸಿಕೊಳ್ಳಿ, ಇಲ್ಲವಾದರೆ ದಂಡ ಇಲ್ಲದೆ ಊರಿಗೆ ಹೋಗಿ ಅಂದರು. ಒಂದು ಲಕ್ಷಕ್ಕೂ ಜಾಸ್ತಿ ಭಾರತೀಯರು ವಾಪಸ್ ಬಂದರು. ಅಲ್ಲಿನ ಪದ್ಧತಿ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವ ಮಾಲೀಕರ ಕಥೆ ನಮ್ಮ ಓಣಿಯಲ್ಲೇ ಬೇಕಾದಷ್ಟಿದೆ. ಆದರೆ ಆ ಗಡುವು ನನಗೆ ಸರಿ ಕಂಡಿತು. ದಂಡ, ಜೈಲು ಇಲ್ಲ ಅಂದರೆ ಎಷ್ಟೋ ಜನ ತಾವಾಗಿಯೇ ಹೊರಡುತ್ತಾರೆ. ಢಾಕಾದ ಒಪ್ಪಿಗೆ ಆಗಲೂ ಬೇಕು, ಆದರೆ ಅವನೇ ತನ್ನ ಹೈಕಮಿಷನ್ ಬಾಗಿಲಿಗೆ ಹೋಗಿ ಕಾಗದ ಕೇಳುತ್ತಾನೆ.

ಹೊರಗಿನವರು ಬಂದರೆ ಊರು ಹಾಳಾಗುತ್ತದೆ ಅನ್ನುವವರಿಗೆ ಮುಂಡಗೋಡ ನೋಡಿ ಬನ್ನಿ ಅಂತೀನಿ. ನಮ್ಮದೇ ಜಿಲ್ಲೆ. 1966ರಿಂದ ಟಿಬೆಟಿನವರು ಸುಮಾರು 4,000 ಎಕರೆಯಲ್ಲಿ ಇದ್ದಾರೆ. ಅವರೂ ಬೇರೆ ದೇಶದಿಂದ ಬಂದವರೇ, ಹೆಚ್ಚಿನವರು ಪೌರರೂ ಅಲ್ಲ. ವ್ಯತ್ಯಾಸ ಏನು? ಸರ್ಕಾರ ಮೊದಲೇ ತೀರ್ಮಾನ ಮಾಡಿತು. ಜಾಗ ತೋರಿಸಿತು, ನೋಂದಣಿ ಕಾಗದ ಕೊಟ್ಟಿತು. ಯಾರು ಎಲ್ಲಿದ್ದಾರೆ ಅನ್ನೋದು ಕಚೇರಿಗೆ ಗೊತ್ತು. ಎಲ್ಲರಿಗೂ ಹೀಗೆ ಮಾಡೋಕೆ ಆಗುವುದಿಲ್ಲ, ಮಾಡಲೂಬಾರದು.

"ಹಾಗಾದರೆ ನೀವು ಅವರ ಪರ" ಅಂತ ಶಿರಸಿಯ ಭಾವ ಒಬ್ಬರು ಮುಖ ಗಂಟು ಹಾಕಿಕೊಂಡರು. ಇಲ್ಲ ಭಾವ. ಕಾಗದ ಇಲ್ಲದೆ ಗಡಿ ದಾಟಿದವನು ವಾಪಸ್ ಹೋಗಬೇಕು ಅನ್ನೋದರಲ್ಲಿ ನನಗೂ ಅನುಮಾನ ಇಲ್ಲ. ಆದರೆ ದಡದ ಮೇಲೆ ನಿಂತು ಮುಖ ನೋಡಿ ಆರಿಸುವುದು ಬೇಡ. ಏಜೆಂಟನಿಗೆ ಲೈಸೆನ್ಸ್ ಇರಲಿ. ಆಗಸ್ಟಿನಲ್ಲಿ ಬೋಟು ಇಳಿಯುವ ಮುಂಚೆಯೇ ಮಾಲೀಕ ಎಲ್ಲರ ಕಾಗದ ತಾಳೆ ನೋಡಿಸಲಿ, ನೋಡಿಸದೆ ಕೆಲಸಕ್ಕೆ ಇಟ್ಟುಕೊಂಡರೆ ಮೊದಲ ದಂಡ ಅವನಿಗೆ ಬೀಳಲಿ. ಇದನ್ನು ಬಂದರಿನಲ್ಲಿ ಹೇಳಿದಾಗ ಒಬ್ಬ ಮಾಲೀಕ ನನ್ನ ಜೊತೆ ವಾರ ಮಾತು ಬಿಟ್ಟಿದ್ದ. ಕಾಗದ ಇದ್ದವನು ಪೂರ್ತಿ ಕೂಲಿ ಕೇಳುತ್ತಾನೆ, ಆಗ ಬಂಗಡೆ ರೇಟು ಸ್ವಲ್ಪ ಏರುತ್ತದೆ. ಭಾವ ಮೀನು ತಿನ್ನುವುದಿಲ್ಲ, ಅವರಿಗೆ ತೊಂದರೆ ಇಲ್ಲ. ಬೆಂಗಳೂರಿನ ನೆಂಟರನ್ನು ಕೇಳಬೇಕು.